ಥಾಯ್ಲೆಂಡ್‌ನಲ್ಲಿ ಇಂಗ್ಲಿಷ್ ಟೀಚರ್ ಕೆಲಸ, ಮೊದಲೇ 1.8 ಲಕ್ಷ ಕೇಳುತ್ತಿದ್ದಾರೆ. ಕೊಡಬಹುದಾ?

ತೊಗರಿನಾಡು ಟೀಚರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ನನ್ನದು ಗುಲಬರ್ಗಾ ವಿಶ್ವವಿದ್ಯಾಲಯದ ಎಂ.ಎ. ಇಂಗ್ಲಿಷ್, ಜೊತೆಗೆ ಬಿ.ಇಡಿ. ಐದು ವರ್ಷದಿಂದ ಊರಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಕೈಗೆ ಬರುವುದು 14 ಸಾವಿರ. ಬೇಸಿಗೆ ರಜೆಯಲ್ಲಿ ಅದೂ ಅರ್ಧ. ಹೋದ ತಿಂಗಳು ಸೂಪರ್ ಮಾರ್ಕೆಟ್ ಕಡೆ ಒಂದು ಕನ್ಸಲ್ಟೆನ್ಸಿಗೆ ಗೆಳತಿಯ ಜೊತೆ ಸುಮ್ನೆ ಹೋಗಿದ್ದೆ. ಹದಿನೈದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸಿದರು. "ನೀವು ಸೆಲೆಕ್ಟ್ ಆದ್ರಿ ಮೇಡಂ, ಥಾಯ್ಲೆಂಡ್, ತಿಂಗಳಿಗೆ 25,000 ಬಾತ್" ಅಂದರು. ನಮ್ಮ ದುಡ್ಡಿನಲ್ಲಿ 65 ಸಾವಿರ ಅಂತ ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿ ತೋರಿಸಿದರು.

ಅವರು ಹೇಳಿದ ಲೆಕ್ಕ ಹೀಗಿದೆ. ರಿಜಿಸ್ಟ್ರೇಷನ್ 10 ಸಾವಿರ, 120 ಗಂಟೆಯ ಟೆಫಲ್ (ಹೊರದೇಶದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ 25 ಸಾವಿರ, ಸರ್ಟಿಫಿಕೇಟ್‌ಗಳ ಅಟೆಸ್ಟೇಷನ್ 30 ಸಾವಿರ, ವೀಸಾ 25 ಸಾವಿರ, ಪ್ಲೇಸ್‌ಮೆಂಟ್ 90 ಸಾವಿರ. ವಿಮಾನದ ಟಿಕೆಟ್ ನಮ್ಮದೇ. ರಿಜಿಸ್ಟ್ರೇಷನ್ ದುಡ್ಡು ಅಂದೇ ಕೊಟ್ಟು ಬಂದೆ, ನಗದು. ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಅಪ್ಪ ಈ ಸಲದ ತೊಗರಿ ಮಾರಿದ ದುಡ್ಡು ಒಂದು ಲಕ್ಷ ಎತ್ತಿಟ್ಟಿದ್ದಾರೆ. ಉಳಿದದ್ದನ್ನು ಪರಿಚಯದವರ ಹತ್ತಿರ ಬಡ್ಡಿಗೆ ತರಬೇಕು. ಶಾಲೆ ಯಾವುದು ಅಂತ ಕೇಳಿದರೆ "ಎರಡನೇ ಕಂತು ಕಟ್ಟಿದ ಮೇಲೆ ಹೇಳುತ್ತೇವೆ" ಅನ್ನುತ್ತಾರೆ. ನನ್ನ ಒರಿಜಿನಲ್ ಸರ್ಟಿಫಿಕೇಟ್‌ಗಳು ಅವರ ಹತ್ತಿರವೇ ಇವೆ. ಹೊರದೇಶಕ್ಕೆ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ, ಇದು ಮಾಮೂಲಿನಾ?

ಚಿತ್ತಾಪುರ ಪ್ಯಾಸೆಂಜರ್

ಶಾಲೆಯ ಹೆಸರು ಹೇಳದೆ 1.8 ಲಕ್ಷ. ನಮ್ಮೂರ ಸಂತೆಯಲ್ಲಿ ಎಮ್ಮೆ ತರುವಾಗಲೂ ಹಲ್ಲು ನೋಡುತ್ತೇವೆ ಮೇಡಂ.

ಹುಮನಾಬಾದ್ ಹೈವೇ

ತಂಗಿ, ನಾನು ಒಮಾನ್‌ನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ಬಂದವನು. ಮೊದಲ ಸಲ ಹೋದಾಗ ನಾನೂ ಹೀಗೇ ದುಡ್ಡು ಕಟ್ಟಿದ್ದೆ. ಆದ್ದರಿಂದ ನಿನ್ನನ್ನು ಬೈಯುವ ಹಕ್ಕು ನನಗಿಲ್ಲ.

ಮೊದಲು ಒಂದು ವಿಷಯ ತಿಳಿದುಕೋ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಹಾಗೆ ನೋಂದಣಿ ಆದವನು ಕೂಡ ಅಭ್ಯರ್ಥಿಯಿಂದ ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 35,400. ರಸೀದಿ ಕೊಡಲೇಬೇಕು. ನಿನಗೆ ಕೇಳಿರುವ "ಪ್ಲೇಸ್‌ಮೆಂಟ್ 90 ಸಾವಿರ" ಅಲ್ಲೇ ಬಿದ್ದುಹೋಯಿತು. ಆ ಸಚಿವಾಲಯದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಕನ್ಸಲ್ಟೆನ್ಸಿಯ ಹೆಸರು ಹಾಕಿ ಹುಡುಕು. ಹೆಸರು ಸಿಕ್ಕರೂ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಾ ನೋಡು. ಕೆಲವರು ಹೈದರಾಬಾದಿನ ಯಾವುದೋ ಕಂಪನಿಯ ಲೈಸೆನ್ಸ್ ನಂಬರ್ ತೋರಿಸಿ ಇಲ್ಲಿ ಅಂಗಡಿ ನಡೆಸುತ್ತಾರೆ.

"ನೀವು ಡಿಗ್ರಿ ಓದಿದವರು, ನಿಮ್ಮದು ಇಸಿಎನ್‌ಆರ್ ಪಾಸ್‌ಪೋರ್ಟ್, ನಿಮಗೆ ಇದೆಲ್ಲ ಅನ್ವಯಿಸುವುದಿಲ್ಲ" ಅಂತ ಹೇಳಬಹುದು. ಇಸಿಎನ್‌ಆರ್ ಅಂದರೆ ವಲಸೆ ಅನುಮತಿ ಬೇಡದ ಪಾಸ್‌ಪೋರ್ಟ್, ಹತ್ತನೇ ತರಗತಿ ದಾಟಿದವರಿಗೆ ಆ ಅನುಮತಿ ಬೇಡ ಅನ್ನುವುದು ನಿಜ. ಆದರೆ ಅದು ನಿನಗೆ ಸಿಕ್ಕ ವಿನಾಯಿತಿ, ಏಜೆಂಟ್‌ಗೆ ಸಿಕ್ಕದ್ದಲ್ಲ.

ತೊಗರಿನಾಡು ಟೀಚರ್

ಹುಡುಕಿದೆ ಅಣ್ಣಾ. ಅವರ ಹೆಸರು ಪಟ್ಟಿಯಲ್ಲಿ ಇಲ್ಲ. ಫೋನ್ ಮಾಡಿ ಕೇಳಿದರೆ "ನಾವು ಏಜೆಂಟ್ ಅಲ್ಲ ಮೇಡಂ, ಟ್ರೇನಿಂಗ್ ಮತ್ತು ಗೈಡೆನ್ಸ್ ಕೊಡೋರು" ಅಂದರು.

ಹುಮನಾಬಾದ್ ಹೈವೇ

ಗೈಡೆನ್ಸ್‌ಗೆ 90 ಸಾವಿರ! ಒಳ್ಳೆ ಗುರುದಕ್ಷಿಣೆ.

ಸುರಪುರ ಹುಡುಗ (ಈಗ ಥಾಯ್ಲೆಂಡ್)

ಅಕ್ಕಾ, ನಾನು ಯಾದಗಿರಿ ಜಿಲ್ಲೆಯವನು. ಮೂರು ವರ್ಷದಿಂದ ಇಲ್ಲೇ ಈಶಾನ್ (ಥಾಯ್ಲೆಂಡ್‌ನ ಈಶಾನ್ಯ ಭಾಗ) ಕಡೆ ಒಂದು ಶಾಲೆಯಲ್ಲಿದ್ದೇನೆ. ಕೆಲಸ ಇದೆ, ಅದು ಸುಳ್ಳಲ್ಲ. ಭಾರತದವರು, ಫಿಲಿಪ್ಪೀನ್ಸಿನವರು ಬಹಳ ಜನ ಇದ್ದೇವೆ. ಆದರೆ ನಿಮಗೆ ಹೇಳಿದ ಲೆಕ್ಕದಲ್ಲಿ ಅರ್ಧ ವಿಷಯ ಬಿಟ್ಟಿದ್ದಾರೆ.

ಇಲ್ಲಿ ಶಾಲಾ ವರ್ಷ ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ. ನಡುವೆ ಅಕ್ಟೋಬರ್ ರಜೆ. ನಿಮ್ಮ ಒಪ್ಪಂದ ನೇರವಾಗಿ ಶಾಲೆಯ ಜೊತೆ ಇದ್ದರೆ ಹನ್ನೆರಡು ತಿಂಗಳ ಸಂಬಳ ಸಿಗುವ ಸಾಧ್ಯತೆ ಜಾಸ್ತಿ. ನಡುವೆ ಇಲ್ಲಿಯ ಒಂದು ಟೀಚರ್ ಏಜೆನ್ಸಿ ಇದ್ದರೆ ಬಹಳ ಸಲ ಹತ್ತು ತಿಂಗಳದ್ದೇ ಕೊಡುತ್ತಾರೆ. ಮಾರ್ಚ್, ಏಪ್ರಿಲ್ ಖಾಲಿ ಕೈ. ಕೆಲವರು ಅಕ್ಟೋಬರ್‌ನಲ್ಲೂ ಅರ್ಧ ಕೊಡುತ್ತಾರೆ. 25,000 ಬಾತ್ ಅನ್ನುವುದನ್ನು ಹತ್ತರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿ ನೋಡಿ, 20,833. ಬೇಸಿಗೆ ರಜೆಯಲ್ಲಿ ಅರ್ಧ ಸಂಬಳ ಅಂತ ನೀವು ಅಲ್ಲಿಂದ ಓಡಿಬರುತ್ತಿದ್ದೀರಿ, ಇಲ್ಲಿ ಅದೂ ಇಲ್ಲ.

ಎರಡನೆಯದು, ಮೊದಲ ಸಂಬಳ ಬರುವವರೆಗಿನ ದುಡ್ಡು. ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ. ನಾನು ಮೇ ಮೊದಲ ವಾರ ಬಂದೆ. ರೂಮಿನ ಬಾಡಿಗೆ 4,500 ಬಾತ್. ಎರಡು ತಿಂಗಳ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ, ಅಲ್ಲಿಗೇ 13,500 ಹೋಯಿತು. ರೂಮಿನಲ್ಲಿ ಒಲೆ ಇರಲಿಲ್ಲ, ರೈಸ್ ಕುಕ್ಕರ್ ತಂದೆ. ವರ್ಕ್ ಪರ್ಮಿಟ್‌ಗೆ ಒಂದು ವರ್ಷಕ್ಕೆ 3,000, ವೀಸಾ ವಿಸ್ತರಣೆಗೆ 1,900. ಎರಡನ್ನೂ ನನ್ನ ಕೈಯಿಂದಲೇ ಕಟ್ಟಿಸಿದರು. ವರ್ಷದ ನಡುವೆ ಊರಿಗೆ ಬಂದು ಹೋಗಬೇಕು ಅಂದರೆ ರೀ-ಎಂಟ್ರಿಗೆ ಮತ್ತೆ 1,000. ಮೇ ತಿಂಗಳ ಅರ್ಧ ಸಂಬಳ ಜೂನ್‌ನಲ್ಲಿ ಬಂತು. ಅಷ್ಟರಲ್ಲಿ ನನ್ನ ಜೇಬಿನಿಂದ 35,000 ಬಾತ್ ಹತ್ತಿರ ಖರ್ಚಾಗಿತ್ತು. ನಮ್ಮ ದುಡ್ಡಿನಲ್ಲಿ 90 ಸಾವಿರದಷ್ಟು. ಇದು ನಿಮ್ಮ 1.8 ಲಕ್ಷದ ಹೊರಗಿನ ಮಾತು.

ವೀಸಾ ಯಾವುದು ಅಂತ ಕೇಳಿದಿರಾ?

ತೊಗರಿನಾಡು ಟೀಚರ್

"ಭಾರತದವರಿಗೆ ವೀಸಾನೇ ಬೇಡ, ಇಳಿದ ಮೇಲೆ ಅಲ್ಲೇ ಬದಲಾಯಿಸಿಕೊಡುತ್ತಾರೆ" ಅಂದರು.

ಸುರಪುರ ಹುಡುಗ

ಹಾಗಾದರೆ ಆ 25 ಸಾವಿರ ವೀಸಾ ದುಡ್ಡು ಯಾಕೆ ಅಂತ ಕೇಳಬೇಕಿತ್ತು.

ವೀಸಾ ಇಲ್ಲದೆ ಬರುವುದು ಪ್ರವಾಸಿಗಳಿಗೆ. ಪಾಠ ಮಾಡಲು ನಾನ್-ಇಮಿಗ್ರೆಂಟ್ ಬಿ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು. ಪರ್ಮಿಟ್ ಬರುವ ಮೊದಲು ಕ್ಲಾಸಿಗೆ ಕಾಲಿಟ್ಟರೂ ತಪ್ಪೇ. ಹಿಡಿದರೆ ದಂಡ, ಗಡೀಪಾರು. ಶಾಲೆಯವರು ಸರಿಯಾಗಿ ಕಾಗದ ಕಳಿಸಿದರೆ ಊರಲ್ಲಿ ಕೂತೇ ಅರ್ಜಿ ಹಾಕಬಹುದು. 2025ರ ಜನವರಿಯಿಂದ ಭಾರತದಲ್ಲಿ ಥಾಯ್ ಇ-ವೀಸಾ ಬಂದಿದೆ. ಟೂರಿಸ್ಟ್ ಆಗಿ ಬಂದವರನ್ನು ಆಮೇಲೆ ಬಸ್ ಹತ್ತಿಸಿ ಲಾವೋಸ್‌ನ ಸವನ್ನಖೇತ್‌ಗೆ ಕಳಿಸುತ್ತಾರೆ, ಅಲ್ಲಿಯ ಥಾಯ್ ಕಾನ್ಸುಲೇಟ್‌ನಲ್ಲಿ ಬಿ ವೀಸಾ ಮಾಡಿಸಿಕೊಂಡು ವಾಪಸ್ ಬರಬೇಕು. ಅದರ ಖರ್ಚು ಟೀಚರ್ ತಲೆಗೆ. ಕಾಗದದಲ್ಲಿ ಒಂದು ತಪ್ಪಿದ್ದರೆ ಅಲ್ಲೇ ಲಾಡ್ಜ್ ಮಾಡಿಕೊಂಡು ಕಾಯಬೇಕು. ನನ್ನ ಜೊತೆಯವನೊಬ್ಬ ಆರು ದಿನ ಕಾದ.

ಇನ್ನೊಂದು, ವರ್ಕ್ ಪರ್ಮಿಟ್‌ನಲ್ಲಿ ಶಾಲೆಯ ಹೆಸರು, ಜಾಗ ಎರಡೂ ಇರುತ್ತವೆ. ಕೆಲಸ ಬಿಟ್ಟ ದಿನವೇ ಇಲ್ಲಿರುವ ಆಧಾರ ಹೋಗುತ್ತದೆ. ಅದಕ್ಕೇ ಶಾಲೆಯ ಹೆಸರು ಮೊದಲು ಗೊತ್ತಿರಬೇಕು ಅನ್ನುವುದು.

ನಿಮ್ಮ ಬಿ.ಇಡಿ. ಬಹಳ ಬೆಲೆಯದ್ದು ಅಕ್ಕಾ, ಇಲ್ಲಿಯ ಶಿಕ್ಷಕರ ಮಂಡಳಿ ಖುರುಸಪಾದ ಪರವಾನಗಿಗೆ ಅದು ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ ಕೇಳುತ್ತಾರೆ. ಅದನ್ನು ಏಜೆಂಟ್ ಹೇಳಿದರಾ?

ತೊಗರಿನಾಡು ಟೀಚರ್

ಟೋಯಿಕ್ ಅನ್ನುವ ಹೆಸರನ್ನೇ ಈಗ ಕೇಳುತ್ತಿದ್ದೇನೆ.

ಆಳಂದ ರೋಡ್

ನಡುವೆ ನನ್ನದೊಂದು ಪ್ರಶ್ನೆ. ಕಡಗಂಚಿ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಕೊನೇ ವರ್ಷ. ಟೆಫಲ್ ಮಾಡಲಾ, ಸೆಲ್ಟಾ ಮಾಡಲಾ? ಕೊರಿಯಾದಲ್ಲಿ ಸಂಬಳ ಜಾಸ್ತಿ ಅಂತಾರಲ್ಲ?

ಸುರಪುರ ಹುಡುಗ

ಕೊರಿಯಾದ ಖಾಸಗಿ ಇಂಗ್ಲಿಷ್ ಅಕಾಡೆಮಿಗಳಿಗೆ ಇ-2 ವೀಸಾ ಕೊಡುವುದು ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಾವು ಆ ಪಟ್ಟಿಯಲ್ಲಿಲ್ಲ. "ಕೊರಿಯಾಕ್ಕೆ ಗ್ಯಾರಂಟಿ" ಅಂದವನ ಹತ್ತಿರ ಚಹಾನೂ ಕುಡಿಯಬೇಡ.

ಸೆಲ್ಟಾ ಕೇಂಬ್ರಿಡ್ಜ್‌ನದು. ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ದುಬಾರಿ, ಆದರೆ ತೂಕ ಇದೆ. ಆನ್‌ಲೈನ್ ಟೆಫಲ್‌ಗೆ ಒಂದೇ ರೇಟ್ ಅಂತಿಲ್ಲ. "ಇವತ್ತು ರಾತ್ರಿವರೆಗೆ ಮಾತ್ರ ರಿಯಾಯಿತಿ" ಅಂತ ವರ್ಷಪೂರ್ತಿ ಇರುತ್ತದೆ. ಶಾಲೆ ಗೊತ್ತಾದ ಮೇಲೆ, ಅವರು ಯಾವುದನ್ನು ಒಪ್ಪುತ್ತಾರೆ ಕೇಳಿ ಆಮೇಲೆ ಮಾಡು. ಏಜೆಂಟ್ ಕೈಯಿಂದಲೇ ಕೋರ್ಸ್ ಕೊಳ್ಳಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಸೀಲು ಸಹಿ

ನಾನು ಹತ್ತು ವರ್ಷದಿಂದ ಸರ್ಟಿಫಿಕೇಟ್ ಅಟೆಸ್ಟೇಷನ್ ಕೆಲಸಕ್ಕೆ ಬೆಂಗಳೂರಿಗೆ ಓಡಾಡುವವನು. ನನ್ನ ಹೊಟ್ಟೆಪಾಡಿನ ವಿರುದ್ಧವೇ ಹೇಳುತ್ತಿದ್ದೇನೆ, ಕೇಳಿ.

ದಾರಿ ಇಷ್ಟೇ. ವಿಶ್ವವಿದ್ಯಾಲಯದ ದೃಢೀಕರಣ, ಆಮೇಲೆ ರಾಜ್ಯ ಸರ್ಕಾರದ್ದು, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಕೊನೆಯ ಹಂತದ ಅಪೊಸ್ಟಿಲ್‌ಗೆ (ಒಪ್ಪುವ ದೇಶಗಳಲ್ಲಿ ಎಂಬೆಸಿ ಮುದ್ರೆ ಇಲ್ಲದೆ ನಡೆಯುವ ಸಚಿವಾಲಯದ ಮುದ್ರೆ) ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಹೌದು, ಐವತ್ತು. ಅದನ್ನು ಸ್ವೀಕರಿಸುವ ಅಧಿಕೃತ ಏಜೆನ್ಸಿಯ ಚಾರ್ಜು ಸ್ವಲ್ಪ ಮೇಲೆ. ಉಳಿದದ್ದೆಲ್ಲ ನಮ್ಮಂಥವರ ಓಡಾಟ, ಕೊರಿಯರ್, ಕಾಯುವ ಕೂಲಿ. ಅದನ್ನು ಕೊಡುವುದು ತಪ್ಪಲ್ಲ, ಆದರೆ ಎಷ್ಟು ಕಾಗದಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ.

ಯಾವ ದೇಶಕ್ಕೆ ಯಾವ ಮುದ್ರೆ ಅನ್ನುವುದರಲ್ಲೇ ಜಾಸ್ತಿ ದುಡ್ಡು ಹಾಳಾಗುತ್ತದೆ. ಒಮಾನ್, ಬಹ್ರೇನ್ ಅಪೊಸ್ಟಿಲ್ ಒಪ್ಪುತ್ತವೆ. ಸೌದಿ 2022ರ ಡಿಸೆಂಬರ್‌ನಿಂದ ಒಪ್ಪುತ್ತಿದೆ. ಯುಎಇ, ಕತಾರ್, ಕುವೈತ್‌ಗೆ ಅವರವರ ಎಂಬೆಸಿ ಮುದ್ರೆ ಬೇಕು, ಅದು ದುಬಾರಿ. ಯಾವ ಶಾಲೆ, ಯಾವ ದೇಶ ಅಂತ ಪಕ್ಕಾ ಆಗುವ ಮೊದಲು ಅಟೆಸ್ಟೇಷನ್ ಮಾಡಿಸಬೇಡಿ.

ಇನ್ನೊಂದು ನಮ್ಮ ಕಡೆಯ ಗೋಳು, ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಹೆಸರು. ಡಿಗ್ರಿಯಲ್ಲಿ ಅಪ್ಪನ ಹೆಸರು ಸೇರಿಕೊಂಡಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಊರ ಹೆಸರೇ ಸರ್‌ನೇಮ್ ಆಗಿರುತ್ತದೆ. ಹೋದ ವರ್ಷ ಒಬ್ಬ ಹುಡುಗಿಯ ಡಿಗ್ರಿಯಲ್ಲಿ "ಶರಣಮ್ಮ", ಪಾಸ್‌ಪೋರ್ಟ್‌ನಲ್ಲಿ "ಶರಣಮ". ಇಂಗ್ಲಿಷಿನ ಒಂದು ಎಂ ಅಕ್ಷರ ಬಿಟ್ಟುಹೋಗಿದ್ದಕ್ಕೆ ನೋಟರಿ ಅಫಿಡವಿಟ್, ಪತ್ರಿಕೆ ಜಾಹೀರಾತು, ಪಾಸ್‌ಪೋರ್ಟ್ ಮತ್ತೆ ಮಾಡಿಸಲು 1,500, ಕೊನೆಗೆ ಎರಡು ತಿಂಗಳು. ಅಷ್ಟರಲ್ಲಿ ಆ ಶಾಲೆ ಬೇರೆಯವರನ್ನು ತೆಗೆದುಕೊಂಡಿತ್ತು. ದುಡ್ಡು ಕಟ್ಟುವ ಮೊದಲು ಎಲ್ಲ ಕಾಗದ ಮಂಚದ ಮೇಲೆ ಹರಡಿ, ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಊರು ಒಂದರಲ್ಲಿ ಗುಲಬರ್ಗಾ, ಇನ್ನೊಂದರಲ್ಲಿ ಕಲಬುರಗಿ ಇದ್ದರೆ ಅಷ್ಟು ಹೆದರಬೇಡಿ. 2014ರ ನವೆಂಬರ್ 1ರಂದು ಊರ ಹೆಸರು ಬದಲಾಗಿದ್ದು ಸರ್ಕಾರದ ದಾಖಲೆಯಲ್ಲೇ ಇದೆ.

ತೊಗರಿನಾಡು ಟೀಚರ್

ಹರಡಿ ನೋಡಲು ಕಾಗದಗಳೇ ನನ್ನ ಹತ್ತಿರ ಇಲ್ಲವಲ್ಲ ಅಣ್ಣಾ. ಇವತ್ತು ಮತ್ತೆ ಫೋನ್ ಬಂದಿತ್ತು. ಶುಕ್ರವಾರದೊಳಗೆ 60 ಸಾವಿರ ಕಟ್ಟಿ, ಜೊತೆಗೆ ಸಹಿ ಹಾಕಿದ ಎರಡು ಖಾಲಿ ಚೆಕ್ ತನ್ನಿ ಅಂದರು. ಒಪ್ಪಂದ ಅಂತ ಎರಡು ಪುಟ ವಾಟ್ಸಾಪ್ ಮಾಡಿದ್ದಾರೆ. ಒಂದು ವರ್ಷದೊಳಗೆ ಬಿಟ್ಟು ಬಂದರೆ ಒಂದು ಲಕ್ಷ ದಂಡ ಅಂತ ಇದೆ.

ಕರಿಕೋಟು

ಮೇಡಂ, ನಾನು ಇಲ್ಲೇ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಖಾಲಿ ಚೆಕ್ ಕೊಡಬೇಡಿ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಸಹಿ ಹಾಕಿ ಖಾಲಿ ಬಿಟ್ಟ ಚೆಕ್ ಕೊಟ್ಟರೆ ಅದನ್ನು ತುಂಬಿಕೊಳ್ಳಿ ಅಂತ ನೀವೇ ಒಪ್ಪಿದ ಹಾಗೆ. ಅದು ಬೌನ್ಸ್ ಆದರೆ 138ನೇ ಸೆಕ್ಷನ್ ಕೇಸು. ನೀವು ಥಾಯ್ಲೆಂಡ್‌ನಲ್ಲಿ, ಸಮನ್ಸ್ ನಿಮ್ಮ ಅಪ್ಪನ ಮನೆ ಬಾಗಿಲಿಗೆ.

ದಂಡದ ಮಾತು ಚೆಕ್‌ನಷ್ಟು ಭಯ ಹುಟ್ಟಿಸುವಂಥದ್ದಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬರೆದುಕೊಂಡ ಮೊತ್ತ ಎಷ್ಟೇ ಇರಲಿ, ಕೋರ್ಟ್ ಕೊಡಿಸುವುದು ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ. ಒಂದು ಲಕ್ಷ ಅಂತ ಬರೆದ ಮಾತ್ರಕ್ಕೆ ಒಂದು ಲಕ್ಷ ಹಾಗೇ ಸಿಗುವುದಿಲ್ಲ. ಅದು ಅವರಿಗೂ ಗೊತ್ತು, ಅದಕ್ಕೇ ಚೆಕ್ ಕೇಳುತ್ತಾರೆ.

ಆ ಎರಡು ಪುಟ ಇನ್ನೊಮ್ಮೆ ಓದಿ. ನಿಮ್ಮ ಸಂಬಳ ಕೊಡುವವರು ಯಾರು ಅಂತ ಎಲ್ಲಾದರೂ ಇದೆಯಾ?

ತೊಗರಿನಾಡು ಟೀಚರ್

ಇಲ್ಲ ಸರ್. ನಾನು ಕೊಡಬೇಕಾದ್ದು ಒಂಬತ್ತು ಕಡೆ ಇದೆ. ನನಗೆ ಬರಬೇಕಾದ್ದು ಎಲ್ಲೂ ಇಲ್ಲ. ನಿನ್ನೆ ಓದಿದಾಗ ಇದು ಕಣ್ಣಿಗೇ ಬೀಳಲಿಲ್ಲ.

ಬಿದ್ರಿ ಹೂಜಿ

ನಾನು ಬೀದರಿನವಳು, ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ ಎರಡು ವರ್ಷ ಪಾಠ ಮಾಡಿದ್ದೇನೆ. ನಮ್ಮಲ್ಲಿ ಯಾರೂ ಯೋಚಿಸದ ಒಂದು ವಿಷಯ ಹೇಳುತ್ತೇನೆ. ಸಂಬಳ ಯಾವ ದುಡ್ಡಿನಲ್ಲಿ ಬರುತ್ತದೆ, ಅದನ್ನು ಊರಿಗೆ ಹೇಗೆ ಕಳಿಸುತ್ತೀರಿ?

ನನ್ನ ಸಂಬಳ ಅಲ್ಲಿಯ ರುಫಿಯಾದಲ್ಲಿ. ಡಾಲರ್‌ಗೆ 15.42 ಅಂತ ಸರ್ಕಾರಿ ದರ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಬ್ಯಾಂಕಿನಲ್ಲಿ ಆ ದರಕ್ಕೆ ತಿಂಗಳಿಗೆ ಇಷ್ಟೇ ಡಾಲರ್ ಅಂತ ಮಿತಿ. ಉಳಿದದ್ದಕ್ಕೆ ಹೊರಗೆ ಜಾಸ್ತಿ ಕೊಟ್ಟು ಕೊಳ್ಳಬೇಕು. ಅಮ್ಮ ಇಲ್ಲಿ ಚಿನ್ನದ ಸಾಲದ ಬಡ್ಡಿ ಕಟ್ಟುತ್ತಿದ್ದಳು, ನನ್ನ ಖಾತೆಯಲ್ಲಿ ದುಡ್ಡು ತುಂಬಿಕೊಂಡು ಕೂತಿತ್ತು. ಸಮುದ್ರ ಮಾತ್ರ ಬಹಳ ಚಂದ ಇತ್ತು, ಸುಳ್ಳು ಹೇಳಬಾರದು.

ಚಿತ್ತಾಪುರ ಪ್ಯಾಸೆಂಜರ್

ಬಡ್ಡಿ ಅಂದಾಗ ನೆನಪಾಯಿತು. ಮೇಡಂ, ಆ ಪರಿಚಯದವರು ಎಷ್ಟು ಬಡ್ಡಿ ಕೇಳಿದ್ದಾರೆ?

ತೊಗರಿನಾಡು ಟೀಚರ್

ಎರಡು ರೂಪಾಯಿ.

ಚಿತ್ತಾಪುರ ಪ್ಯಾಸೆಂಜರ್

1.8 ಲಕ್ಷದಲ್ಲಿ ಒಂದು ಲಕ್ಷ ಅಪ್ಪನದು. 80 ಸಾವಿರ ಸಾಲ. ಸುರಪುರದವರು ಹೇಳಿದ 90 ಸಾವಿರ ಕೈಖರ್ಚು ಸೇರಿಸಿ. ವಿಮಾನದ ಟಿಕೆಟ್ ಬಿಟ್ಟರೂ 1.7 ಲಕ್ಷ ಸಾಲ. ತಿಂಗಳಿಗೆ 3,400 ಬಡ್ಡಿ, ವರ್ಷಕ್ಕೆ 40,800. ಅಸಲು ಹಾಗೇ ನಿಂತಿರುತ್ತದೆ. ರಜೆಯ ಎರಡು ತಿಂಗಳು ಸಂಬಳ ನಿಂತರೂ ಬಡ್ಡಿಗೆ ರಜೆ ಇಲ್ಲ.

ಹುಮನಾಬಾದ್ ಹೈವೇ

ಗಲ್ಫ್ ಕಡೆ ನೋಡುವವರೂ ಇಲ್ಲಿ ಓದುತ್ತಿರುತ್ತಾರೆ, ಅವರಿಗಾಗಿ ಎರಡು ಮಾತು. ಯುಎಇಯಲ್ಲಿ 2021ರ 33ನೇ ನಂಬರಿನ ಕಾರ್ಮಿಕ ಕಾನೂನು 2022ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಸೌದಿಯಲ್ಲೂ ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ), ವರ್ಕ್ ಪರ್ಮಿಟ್ ಶುಲ್ಕ ಮಾಲೀಕನದೇ. ಹಾಗಿದ್ದರೂ ಇಲ್ಲಿ ನಮ್ಮಿಂದ ದುಡ್ಡು ಕೀಳುವುದು ನಿಂತಿಲ್ಲ.

ಒಪ್ಪಂದದಲ್ಲಿ ಬೇಸಿಕ್ ಎಷ್ಟು, ಭತ್ಯೆ ಎಷ್ಟು ಅಂತ ಬಿಡಿಸಿ ನೋಡಿ. ನನ್ನದು ಒಟ್ಟು 350 ರಿಯಾಲ್ ಅಂದಿದ್ದರು. ಸಹಿ ಹಾಕುವಾಗ ನೋಡಿದರೆ ಬೇಸಿಕ್ 180. ಬಿಟ್ಟು ಬರುವಾಗಿನ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ಒಂಬತ್ತು ವರ್ಷ ದುಡಿದು ಕೈಗೆ ಬಂದದ್ದು ನೋಡಿ ಮೇಜಿನ ಮೇಲೇ ಎರಡು ಸಲ ಎಣಿಸಿದೆ. ಒಪ್ಪಂದ ಇಂಗ್ಲಿಷ್, ಅರಬ್ಬಿ ಎರಡರಲ್ಲೂ ಇರುತ್ತದೆ. ಜಗಳ ಬಂದರೆ ಅರಬ್ಬಿಯದೇ ಮಾನ್ಯ. ಅರಬ್ಬಿ ಓದಲು ಬರುವವರು ನಮ್ಮ ಬೀದರ್, ಕಲಬುರಗಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೋಗುವ ಮೊದಲೇ ಓದಿಸಿ.

ಸುರಪುರ ಹುಡುಗ

ಅಕ್ಕಾ, ಹೆದರಿಸಲು ಅಲ್ಲ, ಆದರೆ ಹೇಳಲೇಬೇಕು. ಶಾಲೆಯ ಹೆಸರು ಇಲ್ಲ, ಡೆಮೊ ಕ್ಲಾಸ್ ಇಲ್ಲ, ಬ್ಯಾಂಕಾಕ್‌ಗೆ ಟೂರಿಸ್ಟ್ ಆಗಿ ಬನ್ನಿ. ಹೀಗೇ ಬಂದವರನ್ನು ಮೇ ಸಾಟ್ ಅನ್ನುವ ಗಡಿ ಊರಿಗೆ ಕರೆದುಕೊಂಡು ಹೋಗಿ, ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಯ ಸೈಬರ್ ವಂಚನೆ ಕೇಂದ್ರಗಳಿಗೆ ನೂಕಿದ್ದಾರೆ. ವಿದೇಶಾಂಗ ಸಚಿವಾಲಯ ಈ ಬಗ್ಗೆ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ನಿಮ್ಮವರು ಅಂಥವರು ಅಂತ ನಾನು ಹೇಳುತ್ತಿಲ್ಲ. ಆದರೆ ಶಾಲೆಯ ಹೆಸರು ತಿಳಿಯದೆ ವಿಮಾನ ಹತ್ತಬೇಡಿ. ಹೆಸರು ಸಿಕ್ಕರೆ ನನಗೆ ಕಳಿಸಿ, ಆ ಶಾಲೆಗೆ ಫೋನ್ ಮಾಡಿ ನಾನೇ ಥಾಯ್‌ನಲ್ಲಿ ಕೇಳುತ್ತೇನೆ.

ಅನುಮಾನ ಬಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಸರ್ಕಾರದ ಸಹಾಯವಾಣಿ ಇದೆ, 1800 11 3090.

ತೊಗರಿನಾಡು ಟೀಚರ್ (ನಾಲ್ಕು ದಿನದ ನಂತರ)

ಹೋಗಿ ಬಂದೆ. ಅಣ್ಣ, ಅಪ್ಪ ಇಬ್ಬರೂ ಜೊತೆಗೆ ಬಂದಿದ್ದರು. ಅಪ್ಪ ಒಂದು ಮಾತೂ ಆಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮಡಿಚಿ ತೊಡೆ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು, ಅಷ್ಟೇ. ನಾನು ಮೂರೇ ಪ್ರಶ್ನೆ ಕೇಳಿದೆ. ಶಾಲೆ ಯಾವುದು, ಸಂಬಳ ಎಷ್ಟು ತಿಂಗಳದ್ದು, ಬಿ ವೀಸಾ ಕಾಗದ ಯಾರು ಕಳಿಸುತ್ತಾರೆ? "ಇಷ್ಟು ಡೌಟ್ ಇದ್ದೋರು ಫಾರಿನ್‌ಗೆ ಹೋಗಬಾರದು ಮೇಡಂ" ಅಂದರು. ಒರಿಜಿನಲ್ ವಾಪಸ್ ಕೊಡಿ ಅಂದೆ. ಬೀರು ಕೀಲಿ ಬೇರೆಯವರ ಹತ್ತಿರ ಇದೆ, ನಾಳೆ ಬನ್ನಿ ಅಂದರು. ಅಣ್ಣ ಸ್ಟೇಷನ್‌ಗೆ ಹೋಗಿ ಬರುತ್ತೇನೆ ಅಂತ ಎದ್ದ. ಕೀಲಿ ಮೇಜಿನ ಡ್ರಾಯರ್‌ನಲ್ಲೇ ಇತ್ತು.

ಬೀರುವಿನಲ್ಲಿ ನನ್ನಂಥವರ ಫೈಲ್ ಎಷ್ಟಿದ್ದವು ಅಂದರೆ, ಹುಡುಕಲು ಅವರಿಗೇ ಹತ್ತು ನಿಮಿಷ ಬೇಕಾಯಿತು. ಎಲ್ಲ ಸಿಕ್ಕಿವೆ. 10 ಸಾವಿರ ಮಾತ್ರ ಸಿಗಲಿಲ್ಲ, ಚೀಟಿಯಲ್ಲಿ "ವಾಪಸ್ ಇಲ್ಲ" ಅಂತ ಕೆಳಗೆ ಸಣ್ಣದಾಗಿ ಬರೆದಿತ್ತು.

ಕರಿಕೋಟು

ಆ ಚೀಟಿ ಹರಿಯಬೇಡಿ ಮೇಡಂ. ನೋಂದಣಿ ಇಲ್ಲದೆ ಹೊರದೇಶದ ಕೆಲಸಕ್ಕೆ ಅಂತ ದುಡ್ಡು ತೆಗೆದುಕೊಂಡದ್ದಕ್ಕೆ ಅದೇ ಸಾಕ್ಷಿ. ವಾಟ್ಸಾಪ್ ಮೆಸೇಜ್‌ಗಳೂ ಇರಲಿ. ಸೋಮವಾರ ಬನ್ನಿ, ಒಂದು ನೋಟಿಸ್ ಕಳಿಸೋಣ. ಫೀಸು ಬೇಡ.

ತೊಗರಿನಾಡು ಟೀಚರ್

ಬರುತ್ತೇನೆ ಸರ್. ಥಾಯ್ಲೆಂಡ್ ಆಸೆ ಬಿಟ್ಟಿಲ್ಲ. ಸುರಪುರದ ತಮ್ಮ ಎರಡು ಶಾಲೆಯ ವಿಳಾಸ ಕೊಟ್ಟಿದ್ದರು, ನೇರವಾಗಿ ಅರ್ಜಿ ಹಾಕಿದೆ. ಒಂದರಿಂದ ಉತ್ತರ ಬಂದಿದೆ. ಶನಿವಾರ ಅವರ ಬೆಳಿಗ್ಗೆ ಹತ್ತಕ್ಕೆ, ಅಂದರೆ ನಮ್ಮ ಎಂಟೂವರೆಗೆ, ವಿಡಿಯೋದಲ್ಲಿ ಡೆಮೊ ಕ್ಲಾಸ್. ನಾಲ್ಕನೇ ತರಗತಿ, ಹಣ್ಣುಗಳ ಹೆಸರು. ಭಯ ಒಂದೇ, ನಮ್ಮ ಏರಿಯಾದಲ್ಲಿ ಆ ಹೊತ್ತಿಗೇ ಕರೆಂಟ್ ಹೋಗುತ್ತದೆ.

ಆಳಂದ ರೋಡ್

ಅಕ್ಕಾ, ನಮ್ಮ ಮಾವನ ಕೋಚಿಂಗ್ ಸೆಂಟರ್ ಜೇವರ್ಗಿ ರಸ್ತೆಯಲ್ಲಿದೆ. ಇನ್ವರ್ಟರ್ ಇದೆ, ಒಳ್ಳೆ ಬೋರ್ಡ್ ಇದೆ. ಶನಿವಾರ ಏಳೂವರೆಗೆ ಬಾಗಿಲು ತೆರೆಸುತ್ತೇನೆ. ಹಣ್ಣು ನೀವು ತನ್ನಿ.